ಆ ಶೀಶೆ ಸಿಗದಿದ್ದರೆ ಯಾವ ಶೀಶೆ?

ಹತ್ತು ಅಸ್ಥಿಪಂಜರದ ಕಿರುಬೊಂಬೆಗಳ ಒಂದು ಪಡೆ. ಏಳನೆಯದರ ಪಕ್ಕೆಲುಬಿಗೆ ಬಣ್ಣ ಹಚ್ಚುತ್ತಿದ್ದಾಗ ಶೀಶೆ ಬರಿದಾಯಿತು. ಮುಚ್ಚಳದ ಒಳಗೆ ಅಂಟಿದ್ದನ್ನೂ ಕೆರೆದೆ. ಒಂದು ತೊಡೆಮೂಳೆಗೆ ಸಾಕಾಯಿತು, ಅಷ್ಟೇ. ಅದನ್ನೇ ಮತ್ತೆ ತರಿಸೋಣವೆಂದರೆ ಎಲ್ಲಿಯೂ ದಾಸ್ತಾನಿಲ್ಲ. ಆಗ ಒಂದು ಹೋಲಿಕೆ ಪಟ್ಟಿಯನ್ನು ತೆರೆದೆ. ಈ ಕಂಪನಿಯ ಇಂಥ ಬಣ್ಣಕ್ಕೆ ಆ ಕಂಪನಿಯ ಇಂಥದು ಸಮ ಎಂದು ಸಾಲುಸಾಲಾಗಿ ಬರೆದಿದ್ದರು. ನಂಬಿ ತರಿಸಿದೆ, ಉಳಿದ ಮೂರಕ್ಕೆ ಹಚ್ಚಿದೆ. ರಾತ್ರಿ ಮೇಜುದೀಪದ ಕೆಳಗೆ ಹತ್ತೂ ಒಂದೇ ತಾಯಿಯ ಮಕ್ಕಳಂತೆ ಕಂಡವು. ಬೆಳಿಗ್ಗೆ ಕಿಟಕಿಯ ಬಳಿ ಇಟ್ಟು ನೋಡಿದರೆ ಏಳು ಮಣ್ಣಿನಿಂದೆದ್ದ ಹಳೆಯ ಎಲುಬುಗಳು, ಮೂರು ಕಾಮಾಲೆ ಹತ್ತಿದವು.

ಈ ಹವ್ಯಾಸದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. ಮೇಜಿನ ಮೇಲೆ ಆಡುವ ಯುದ್ಧದಾಟಗಳ ಈ ಕಿರುಬೊಂಬೆಗಳು ಹೆಬ್ಬೆರಳಿಗಿಂತ ಚಿಕ್ಕವು. ಸಾಮಾನ್ಯವಾಗಿ 28ರಿಂದ 32 ಮಿಲಿಮೀಟರ್ ಅಳತೆಯವು. ಬಿಡಿಭಾಗಗಳನ್ನು ಅಂಟಿಸಿ, ಪ್ರೈಮರ್ ಎಂಬ ತಳಬಣ್ಣ ಹೊಡೆದು, ಎಳೆಯಂಥ ಕುಂಚದಲ್ಲಿ ಪದರದ ಮೇಲೆ ಪದರವಾಗಿ ಬಣ್ಣ ಹಾಕಬೇಕು. ಬಣ್ಣ ಬಹುಮಟ್ಟಿಗೆ ನೀರು ಬೆರೆಸಿ ಬಳಸುವ ಅಕ್ರಿಲಿಕ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಸಿಟಡೆಲ್, ಸ್ಪೇನಿನ ವಯೆಹೊ, ಡೆನ್ಮಾರ್ಕಿನ ಆರ್ಮಿ ಪೇಂಟರ್, ಅಮೆರಿಕದ ರೀಪರ್, ಜಪಾನಿನ ತಮಿಯಾ ಇವು ಹೆಚ್ಚು ಕಿವಿಗೆ ಬೀಳುವ ಹೆಸರುಗಳು. ಒಬ್ಬೊಬ್ಬರ ಪಟ್ಟಿಯಲ್ಲೂ ನೂರಕ್ಕೆ ಮೇಲ್ಪಟ್ಟು ಬಣ್ಣಗಳಿವೆ. ತೊಡಕು ಶುರುವಾಗುವುದು ಇಲ್ಲೇ. ಬಣ್ಣ ಹಾಕುವುದನ್ನು ಕಲಿಸುವವರೆಲ್ಲ ತಾವು ಬಳಸುವ ಕಂಪನಿಯ ಬಣ್ಣದ ಹೆಸರನ್ನೇ ಹೇಳುತ್ತಾರೆ. ಎಲುಬಿಗೆ ಮೊದಲು ಝಾಂಡ್ರಿ ಡಸ್ಟ್, ಅದರ ಮೇಲೆ ಆಗ್ರಾಕ್ಸ್ ಅರ್ತ್‌ಶೇಡ್, ಆಮೇಲೆ ಉಷಬ್ತಿ ಬೋನ್, ಕೊನೆಗೆ ಅಂಚುಗಳಿಗೆ ಸ್ಕ್ರೀಮಿಂಗ್ ಸ್ಕಲ್ ಎನ್ನುವುದು ಸಿಟಡೆಲ್ ಬಳಸುವವರ ಬಾಯಲ್ಲಿ ಮಂತ್ರದಂತೆ ಬರುತ್ತದೆ. ಅಡುಗೆ ಹೇಳಿಕೊಡುವವರು 'ಎರಡು ಚಮಚ ಇಂಥ ಕಂಪನಿಯ ಸಾರಿನ ಪುಡಿ' ಎಂದ ಹಾಗೆ. ಆ ಪುಡಿ ನಿಮ್ಮ ಅಂಗಡಿಯಲ್ಲಿ ಇಲ್ಲದಿದ್ದರೆ?

ಇನ್ನೊಂದು ಕಂಪನಿಯ ಪುಡಿ ಹಾಕಬಹುದು, ಸಾರೂ ಆಗುತ್ತದೆ. ಆದರೆ ಬ್ಯಾಡಗಿ ಮೆಣಸಿನಕಾಯಿಯ ಪುಡಿಯೂ ಕೆಂಪು, ಗುಂಟೂರಿನದೂ ಕೆಂಪು. ಚಮಚಕ್ಕೆ ಚಮಚ ಬದಲಿಸಿದವರ ಮನೆಯಲ್ಲಿ ಊಟಕ್ಕೆ ಕುಳಿತವರನ್ನು ಕೇಳಿ ನೋಡಿ. ಬಣ್ಣದ ಶೀಶೆಯಲ್ಲೂ ಹಾಗೆಯೇ. ಕಣ್ಣಿಗೆ ಕಾಣುವ ಬಣ್ಣದ ಜೊತೆಗೆ, ಅದು ಕೆಳಗಿನ ಪದರವನ್ನು ಎಷ್ಟು ಮುಚ್ಚುತ್ತದೆ, ಒಣಗಿದ ಮೇಲೆ ಹೊಳೆಯುತ್ತದೆಯೇ ಇಲ್ಲವೇ, ಒಳಗಿರುವ ವರ್ಣದ್ರವ್ಯ ಯಾವುದು, ಇನ್ನೊಂದರ ಜೊತೆ ಬೆರೆಸಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಆ ಶೀಶೆಯಲ್ಲಿರುತ್ತದೆ. ಹೋಲಿಕೆ ಪಟ್ಟಿ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅದನ್ನೂ ಅರೆಬರೆಯಾಗಿ. ನಾನು ಪಟ್ಟಿಯ ವಿರೋಧಿಯಲ್ಲ, ದಿನವೂ ನೋಡುತ್ತೇನೆ. ಆದರೆ ಅದರ ಸಾಲುಗಳು ಎಲ್ಲಿಂದ ಬಂದವೆಂದು ತಿಳಿದುಕೊಂಡು ನೋಡಬೇಕು.

ಕೆಲವು ಸಾಲುಗಳು ಹೆಸರಿನ ನಂಟಿನಿಂದ ಬಂದವು. ವಯೆಹೊ ತನ್ನ ಗೇಮ್ ಕಲರ್ ಸರಣಿಯನ್ನು ತಂದಾಗ ಅಂದಿನ ಸಿಟಡೆಲ್ ಬಣ್ಣಗಳನ್ನು ಕಣ್ಣಮುಂದೆ ಇಟ್ಟುಕೊಂಡಿತ್ತು ಎಂಬುದು ಹೆಸರುಗಳಲ್ಲೇ ಕಾಣುತ್ತದೆ. ಸಿಟಡೆಲ್‌ನಲ್ಲಿ ಬ್ಲಡ್ ರೆಡ್, ವಯೆಹೊದಲ್ಲಿ ಬ್ಲಡಿ ರೆಡ್. ಅಲ್ಲಿ ಸ್ಕಲ್ ವೈಟ್, ಇಲ್ಲಿ ಡೆಡ್ ವೈಟ್. ಅಲ್ಲಿ ಬ್ಲೀಚ್ಡ್ ಬೋನ್, ಇಲ್ಲಿ 72.034 ಸಂಖ್ಯೆಯ ಬೋನ್‌ವೈಟ್. ಹೀಗೆ ಹುಟ್ಟಿದ ಜೋಡಿಗಳು ಒಂದು ಕಾಲಕ್ಕೆ ಚೆನ್ನಾಗಿಯೇ ಹೊಂದುತ್ತಿದ್ದವು. 2012ರಲ್ಲಿ ಸಿಟಡೆಲ್ ತನ್ನ ಇಡೀ ಸರಣಿಯನ್ನು ಬದಲಿಸಿತು. ಕೇಯಾಸ್ ಬ್ಲ್ಯಾಕ್ ಹೋಗಿ ಅಬ್ಯಾಡನ್ ಬ್ಲ್ಯಾಕ್ ಬಂತು, ಬೋಲ್ಟ್‌ಗನ್ ಮೆಟಲ್ ಹೋಗಿ ಲೆಡ್‌ಬೆಲ್ಚರ್ ಬಂತು, ಬ್ಲೀಚ್ಡ್ ಬೋನ್ ಜಾಗಕ್ಕೆ ಉಷಬ್ತಿ ಬೋನ್. ಹೊಸದು ಹಳೆಯದರ 'ಸಮ' ಎಂದು ಕಂಪನಿಯೇ ಪಟ್ಟಿ ಕೊಟ್ಟಿತು. ಆದರೆ ಸಮ ಎಂದರೆ ಸರಣಿಯಲ್ಲಿ ಅದೇ ಜಾಗದ್ದು ಎಂದರ್ಥ. ಅದೇ ಬಣ್ಣ ಎಂದಲ್ಲ. ಹಳೆಯ ಪಟ್ಟಿಗಳಲ್ಲಿ ಇಂದಿಗೂ ಹಳೆಯ ಹೆಸರುಗಳಿವೆ. ಯಾರೋ ಅವುಗಳ ಮೇಲೆ ಹೊಸ ಹೆಸರು ಅಂಟಿಸಿದರು, ಇನ್ನಾರೋ ಅದನ್ನು ಮೂರನೆಯ ಕಂಪನಿಗೆ ದಾಟಿಸಿದರು.

ಈ ದಾಟಿಸುವಿಕೆಯೇ ಅಪಾಯ. ಮಕ್ಕಳು ಸಾಲಾಗಿ ಕುಳಿತು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟಿಸುವ ಆಟದಲ್ಲಿ ಕೊನೆಯವನ ಬಾಯಿಂದ ಏನು ಹೊರಬರುತ್ತದೆಂದು ಎಲ್ಲರಿಗೂ ಗೊತ್ತು. ಮೊದಲನೆಯದು ಎರಡನೆಯದಕ್ಕೆ ಹತ್ತಿರ, ಎರಡನೆಯದು ಮೂರನೆಯದಕ್ಕೆ ಹತ್ತಿರ ಎಂದ ಮಾತ್ರಕ್ಕೆ ಮೊದಲನೆಯದೂ ಮೂರನೆಯದೂ ಹತ್ತಿರವಿರಬೇಕಾಗಿಲ್ಲ. ಒಂದು ಹೆಜ್ಜೆಯಲ್ಲಿ ಚೂರು ಹಳದಿಯ ಕಡೆಗೆ ಜರುಗಿದ್ದು ಮುಂದಿನ ಹೆಜ್ಜೆಯಲ್ಲಿ ಇನ್ನಷ್ಟು ಜರುಗುತ್ತದೆ. ನನ್ನ ಮೂರು ಅಸ್ಥಿಪಂಜರಗಳಿಗೆ ಕಾಮಾಲೆ ತಗುಲಿದ್ದು ಹೀಗೆಯೇ: ನಾನು ನಂಬಿದ ಸಾಲು ಎರಡು ದಾಟು ದಾಟಿ ಬಂದಿತ್ತು. ಆದ್ದರಿಂದ ಯಾವ ಬಣ್ಣವನ್ನು ಹುಡುಕುತ್ತಿದ್ದೇವೋ ಅದರಿಂದ ನೇರವಾಗಿ ಹೋಲಿಸಿದ ಪಟ್ಟಿಯನ್ನೇ ನೋಡಬೇಕು, ನಡುವೆ ಇನ್ನೊಂದು ಕಂಪನಿ ಇರಬಾರದು.

ಇನ್ನು ಕೆಲವು ಪಟ್ಟಿಗಳು ಲೆಕ್ಕದಿಂದ ತಯಾರಾದವು. ಲೆಕ್ಕದ ಹಿಂದಿನ ವಿಚಾರ ಸೊಗಸಾಗಿದೆ. 1976ರಲ್ಲಿ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ಲ್ಯಾಬ್ (L*a*b*) ಪದ್ಧತಿಯಲ್ಲಿ ಪ್ರತಿ ಬಣ್ಣಕ್ಕೂ ಮೂರು ಅಂಕಿಗಳು. ಮೊದಲನೆಯದು ಕಪ್ಪಿಗೆ 0, ಬಿಳಿಗೆ 100 ಎಂದು ತಿಳಿ-ಗಾಢವನ್ನು ಅಳೆಯುತ್ತದೆ. ಎರಡನೆಯದು ಹಸಿರಿನಿಂದ ಕೆಂಪಿನ ಕಡೆಗೆ, ಮೂರನೆಯದು ನೀಲಿಯಿಂದ ಹಳದಿಯ ಕಡೆಗೆ. ಎರಡು ಬಣ್ಣಗಳ ನಡುವಿನ ದೂರವನ್ನು ಡೆಲ್ಟಾ ಇ ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಲೆಕ್ಕವೇ, ಮೂರು ದಿಕ್ಕಿನಲ್ಲಿ. ಒಂದು ಕಲ್ಪಿತ ಉದಾಹರಣೆ ನೋಡೋಣ. ನಿಮ್ಮ ಎಲುಬಿನ ಬಣ್ಣ 78, 3, 22. ಬದಲಿಯೊಂದು 76, 4, 20. ವ್ಯತ್ಯಾಸಗಳು 2, 1, 2. ವರ್ಗ ಮಾಡಿ ಕೂಡಿಸಿದರೆ 9, ಅದರ ವರ್ಗಮೂಲ 3. ಈ ದೂರ ಸುಮಾರು 2 ದಾಟಿದರೆ ಪಕ್ಕಪಕ್ಕದಲ್ಲಿಟ್ಟಾಗ ಕಣ್ಣಿಗೆ ಗೊತ್ತಾಗತೊಡಗುತ್ತದೆ. 3 ಎಂದರೆ ಬೇರೆ ಬೇರೆ ಬೊಂಬೆಗಳ ಮೇಲೆ ಯಾರಿಗೂ ತಿಳಿಯದು, ಒಂದೇ ಭುಜದ ಮೇಲೆ ತೇಪೆ ಹಾಕಿದರೆ ತಿಳಿಯುತ್ತದೆ.

ಬಹುಪಾಲು ಪಟ್ಟಿಗಳು ಈ ದೂರವನ್ನು ಹೇಳುವುದೇ ಇಲ್ಲ. 'ಅತಿ ಹತ್ತಿರದ್ದು' ಎಂದು ಒಂದು ಹೆಸರು ಕೊಟ್ಟು ಸುಮ್ಮನಾಗುತ್ತವೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಆ ಕಂಪನಿಯ ಸರಣಿಯಲ್ಲಿ ಅಂಥ ಬಣ್ಣವೇ ಇಲ್ಲದಿದ್ದರೂ ಹತ್ತಿರದ್ದು ಎಂದು ಒಂದು ಇದ್ದೇ ಇರುತ್ತದಲ್ಲ! ಇನ್ನೂ ಒಂದು ಕೊರತೆ ಇದೆ. ಹಲವು ಲೆಕ್ಕಗಳಿಗೆ ಮೂಲ, ಕಂಪನಿಯ ಜಾಲತಾಣದಲ್ಲಿರುವ ಬಣ್ಣದ ಚೌಕ. ಆ ಚೌಕವನ್ನು ಯಾರೋ ವಿನ್ಯಾಸಕಾರರು ಪರದೆಯ ಮೇಲೆ ತುಂಬಿದ್ದು. ಶೀಶೆಯೊಳಗಿನ ಬಣ್ಣವನ್ನು ಬಳಿದು ಅಳೆದದ್ದಲ್ಲ. ಒಣಗಿದ ಮಾದರಿಯ ಮೇಲೆ ಮಾಪಕವಿಟ್ಟು ಅಳೆದ ಪಟ್ಟಿಗಳೂ ಉಂಟು, ಅವು ಬೇರೆಯೇ ದರ್ಜೆಯವು. ಪಟ್ಟಿಯ ಮೊದಲಲ್ಲಿ ಹೇಗೆ ಅಳೆದೆವೆಂದು ಎರಡು ಸಾಲು ಬರೆದಿದ್ದಾರೆಯೇ ಎಂದು ನೋಡಿ. ಬರೆದಿಲ್ಲದಿದ್ದರೆ ನಾನು ಅದನ್ನು ಅಂದಾಜೆಂದೇ ಭಾವಿಸುತ್ತೇನೆ.

ಈಗ ಬೆಳಕಿನ ಮಾತು. ಸೀರೆಗೆ ರವಿಕೆ ಬಟ್ಟೆ ಕೊಳ್ಳಲು ಅಮ್ಮನ ಜೊತೆ ಮ್ಯಾಚಿಂಗ್ ಸೆಂಟರಿಗೆ ಹೋದವರು ಈ ದೃಶ್ಯವನ್ನು ಕಂಡಿರುತ್ತಾರೆ. ಅಂಗಡಿಯಾತ ಗೋಡೆಯುದ್ದಕ್ಕೂ ಜೋಡಿಸಿದ ಸುರುಳಿಗಳಲ್ಲಿ ಮೂರನ್ನು ಎಳೆದು ಸೆರಗಿನ ಮೇಲೆ ಹಾಸುತ್ತಾನೆ. ಮೂರೂ ಸರಿಯೆನಿಸುತ್ತವೆ. ಅಮ್ಮ ಒಪ್ಪುವುದಿಲ್ಲ, ಸೀರೆಯನ್ನೂ ಬಟ್ಟೆಯನ್ನೂ ಹಿಡಿದು ಬಾಗಿಲಿನಾಚೆ ರಸ್ತೆಯ ಬೆಳಕಿಗೆ ನಡೆಯುತ್ತಾಳೆ. ಅಲ್ಲಿ ಒಂದು ರಾಮಾ ಹಸಿರಾಗಿ, ಇನ್ನೊಂದು ಬರೀ ನೀಲಿಯಾಗಿ, ಮೂರನೆಯದು ಮಾತ್ರ ಸೀರೆಯ ಬಣ್ಣವಾಗಿ ಕಾಣುತ್ತದೆ. ಒಂದೇ ಬಣ್ಣವೆಂದು ನಮಗೆ ಕಾಣುವ ಎರಡು ವಸ್ತುಗಳು ಬೆಳಕಿನ ಬೇರೆ ಬೇರೆ ಅಲೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿರುಗಿಸುತ್ತಿರಬಹುದು. ಒಂದು ದೀಪದ ಕೆಳಗೆ ಮೊತ್ತ ಸರಿಹೋಗುತ್ತದೆ, ದೀಪ ಬದಲಾದರೆ ಮೊತ್ತವೂ ಬದಲಾಗುತ್ತದೆ. ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಎರಡು ಕಂಪನಿಗಳು ಒಂದೇ ಕಂದನ್ನು ಬೇರೆ ಬೇರೆ ವರ್ಣದ್ರವ್ಯಗಳಿಂದ ಮಾಡಿದಾಗ ಇದು ಆಗಿಯೇ ತೀರುತ್ತದೆ. ಅಮ್ಮನಿಗೆ ಆ ಪದ ಗೊತ್ತಿರಲಿಲ್ಲ, ವಿಷಯ ಚೆನ್ನಾಗಿಯೇ ಗೊತ್ತಿತ್ತು. ರಾತ್ರಿ ಮೇಜುದೀಪದ ಕೆಳಗೆ ಬಣ್ಣ ಹೊಂದಿಸಿದ ನಾನು ಆ ಪಾಠವನ್ನು ಮರೆತಿದ್ದೆ. ಹಗಲಿನಲ್ಲಿ ಕಿಟಕಿಯ ಪಕ್ಕ, ಬಿಸಿಲು ನೇರವಾಗಿ ಬೀಳದ ಕಡೆ ಹೋಲಿಸಬೇಕು. ರಾತ್ರಿಯೇ ಮಾಡಬೇಕಾದರೆ ಹಗಲಿನ ಬೆಳಕಿಗೆ ಹತ್ತಿರವಾದ, ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದೂ ಬಣ್ಣ ತೋರುವ ಸೂಚ್ಯಂಕ (ಸಿಆರ್‌ಐ) 90ಕ್ಕೆ ಮೇಲೆಂದೂ ಬರೆದ ದೀಪವಾದರೆ ಒಳ್ಳೆಯದು.

ಹೋಲಿಸುವುದು ಒಣಗಿದ ಮೇಲೆಯೇ. ಹಸಿ ಅಕ್ರಿಲಿಕ್‌ನಲ್ಲಿರುವ ಅಂಟು ಹಾಲಿನಂತೆ ಬೆಳ್ಳಗಿರುತ್ತದೆ. ಒಣಗಿದಾಗ ಪಾರದರ್ಶಕವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಎಷ್ಟು ಗಾಢವಾಗುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹೊಳಪಿನದೂ ಒಂದು ಆಟವಿದೆ. ಒಂದೇ ವರ್ಣದ್ರವ್ಯ ಹೊಳಪಿನ ಮೇಲ್ಮೈಯಲ್ಲಿ ಗಾಢವಾಗಿ, ಮಂಕು ಮೇಲ್ಮೈಯಲ್ಲಿ ತುಸು ಬೂದಿ ಬಳಿದಂತೆ ಕಾಣುತ್ತದೆ. ಎರಡರ ಮೇಲೂ ಒಂದೇ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಾಕಿ ನೋಡಿದರೆ ಬೇರೆಯೆನಿಸಿದ ಬಣ್ಣಗಳು ಎಷ್ಟೋ ಸಲ ಒಂದಾಗಿಬಿಡುತ್ತವೆ. ಕೊನೆಗೆ ವಾರ್ನಿಷ್ ಹಾಕುವವರಾದರೆ ಹೋಲಿಕೆಯನ್ನೂ ವಾರ್ನಿಷ್ ಆದ ಮೇಲೆ ಮಾಡುವುದು ನ್ಯಾಯ.

ಮುಚ್ಚುವ ಶಕ್ತಿಯನ್ನು ಪರೀಕ್ಷಿಸಲು ನಾನು ಮಾಡುವುದು ಇಷ್ಟೇ. ದಪ್ಪ ಬಿಳಿ ಕಾರ್ಡಿನ ಮೇಲೆ ಕಪ್ಪು ಮಾರ್ಕರ್‌ನಿಂದ ಬೆರಳಗಲದ ಪಟ್ಟಿ ಎಳೆದು, ಪಟ್ಟಿಗೆ ಅಡ್ಡವಾಗಿ ಎರಡೂ ಬಣ್ಣಗಳನ್ನು ಒಂದೇ ಕುಂಚದಿಂದ, ಬೊಂಬೆಗೆ ಹಚ್ಚುವಷ್ಟೇ ನೀರು ಬೆರೆಸಿ, ಎಳೆಯುತ್ತೇನೆ. ಒಣಗಿದ ಮೇಲೆ ಕಪ್ಪು ಇಣುಕುತ್ತಿದೆಯೇ ನೋಡಿದರಾಯಿತು. ಒಂದು ಕೆಂಪು ಒಂದೇ ಎಳೆತಕ್ಕೆ ಕಪ್ಪನ್ನು ನುಂಗಿರುತ್ತದೆ. ಬಿಳಿಯ ಮೇಲೆ ಅದೇ ಬಣ್ಣವಾಗಿ ಕಂಡ ಇನ್ನೊಂದು ಕೆಂಪು ಕಪ್ಪಿನ ಮೇಲೆ ಹಳೆಯ ರಕ್ತದ ಕಲೆಯಂತಿರುತ್ತದೆ. ಇದು ಕಂಪನಿಯ ದೋಷವಲ್ಲ, ಶೀಶೆಯ ಕೆಲಸವೇ ಬೇರೆ. ಸಿಟಡೆಲ್‌ನಲ್ಲಿ ಬೇಸ್ ಎನ್ನುವವು ಮುಚ್ಚಲು, ಲೇಯರ್ ಎನ್ನುವವು ಆಮೇಲೆ ತೆಳುವಾಗಿ ತಿಳಿಗೊಳಿಸುತ್ತ ಹೋಗಲು. ಮೆಫಿಸ್ಟನ್ ರೆಡ್ ಬೇಸ್, ಈವಿಲ್ ಸನ್ಜ್ ಸ್ಕಾರ್ಲೆಟ್ ಲೇಯರ್. ಬೇಸ್‌ಗೆ ಬದಲಾಗಿ ಇನ್ನೊಬ್ಬರ ತೆಳುಬಣ್ಣ ತಂದರೆ ಬಣ್ಣ ಹೊಂದೀತು, ಮೂರು ಪದರ ಹೆಚ್ಚಿಗೆ ಹಾಕಿ ಬೊಂಬೆಯ ಮುಖದ ಗೆರೆಗಳೆಲ್ಲ ತುಂಬಿಹೋದಾವು. ವಯೆಹೊದಲ್ಲಿ ಸಂಖ್ಯೆಯ ಮೊದಲ ಎರಡಂಕಿಯೇ ಜಾತಿ ಹೇಳುತ್ತದೆ: 70 ಎಂದರೆ ಮಾಡೆಲ್ ಕಲರ್, 71 ಬಣ್ಣ ಸಿಂಪಡಿಸುವ ಏರ್‌ಬ್ರಷ್‌ಗೆಂದು ತೆಳುಗೊಳಿಸಿದ ಮಾಡೆಲ್ ಏರ್, 72 ಗೇಮ್ ಕಲರ್. ಹೆಸರು ಒಂದೇ ಇದೆಯೆಂದು 70ರದ್ದರ ಬದಲು 71ರದ್ದನ್ನು ತಂದು ಕುಂಚದಲ್ಲಿ ಹಚ್ಚಿ 'ನೀರು ನೀರಾಗಿದೆ' ಎಂದು ಗೊಣಗಿದವರನ್ನು ಬಲ್ಲೆ. ಅವರಲ್ಲಿ ನಾನೂ ಒಬ್ಬ.

ವಾಶ್ ಎನ್ನುವ ತೆಳುದ್ರವಗಳಲ್ಲಂತೂ ಬಣ್ಣವನ್ನು ಹೋಲಿಸುವುದೇ ಎರಡನೆಯ ಕೆಲಸ. ತಗ್ಗುಗಳಿಗೆ ಹರಿದು ನೆರಳು ತರುವುದು ಅವುಗಳ ಕಸುಬು. ಸಿಟಡೆಲ್‌ನ ನುಲ್ನ್ ಆಯಿಲ್‌ಗೆ ಆರ್ಮಿ ಪೇಂಟರ್‌ನ ಡಾರ್ಕ್ ಟೋನ್, ಆಗ್ರಾಕ್ಸ್ ಅರ್ತ್‌ಶೇಡ್‌ಗೆ ಸ್ಟ್ರಾಂಗ್ ಟೋನ್ ಎಂದು ಎಲ್ಲರೂ ಹೇಳುತ್ತಾರೆ, ತಪ್ಪಿಲ್ಲ. ಆದರೆ ತಗ್ಗಿನಲ್ಲಿ ಎಷ್ಟು ನಿಲ್ಲುತ್ತದೆ, ಉಬ್ಬಿನ ಮೇಲೆ ಎಷ್ಟು ಕಲೆ ಬಿಡುತ್ತದೆ ಎಂಬುದೇ ಇಲ್ಲಿ ಮುಖ್ಯ. ಸಾಲದ್ದಕ್ಕೆ 2022ರಲ್ಲಿ ಸಿಟಡೆಲ್ ತನ್ನ ಶೇಡ್ ಬಣ್ಣಗಳ (ವಾಶ್‌ಗೆ ಅದು ಇಟ್ಟ ಹೆಸರು) ಸೂತ್ರವನ್ನೇ ಬದಲಿಸಿತು. ಹೆಸರು ಹಾಗೆಯೇ ಉಳಿಯಿತು. ಹಳೆಯ ನುಲ್ನ್ ಆಯಿಲ್‌ಗೆ ಹೊಸ ನುಲ್ನ್ ಆಯಿಲ್ ಅನ್ನೇ ಬದಲಿ ಎಂದು ಎಣಿಸಬೇಕಾದ ಪರಿಸ್ಥಿತಿ. ಚಪ್ಪಟೆ ಕಾಗದದ ಮೇಲೆ ವಾಶ್ ಪರೀಕ್ಷಿಸಿದರೆ ಏನೂ ತಿಳಿಯದು. ಖಾಲಿ ನೀರಿನ ಬಾಟಲಿಯ ಮುಚ್ಚಳಕ್ಕೆ ಬಿಳಿ ಪ್ರೈಮರ್ ಹೊಡೆದಿಡಿ. ಅದರ ಸುತ್ತ ಇರುವ ಸಣ್ಣ ಗೀರುಗಳ ಅರ್ಧಕ್ಕೆ ಒಂದು ವಾಶ್, ಉಳಿದ ಅರ್ಧಕ್ಕೆ ಇನ್ನೊಂದು. ಒಣಗಿದಾಗ ಯಾವುದು ತಗ್ಗಿಗೆ ಇಳಿದಿದೆ, ಯಾವುದು ಉಬ್ಬಿನ ಮೇಲೆಯೇ ಹರಡಿ ಕೂತಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದಕ್ಕಿಂತ ಅಗ್ಗದ ಪ್ರಯೋಗಾಲಯ ನನಗೆ ಸಿಕ್ಕಿಲ್ಲ. 2019ರಲ್ಲಿ ಬಂದ ಸಿಟಡೆಲ್ ಕಾಂಟ್ರಾಸ್ಟ್‌ನಂಥ, ಒಂದೇ ಪದರದಲ್ಲಿ ನೆರಳು-ಬೆಳಕು ಎರಡನ್ನೂ ತರುವ ಬಣ್ಣಗಳಿಗೂ ಇದೇ ಮುಚ್ಚಳದ ಪರೀಕ್ಷೆ ಸಾಕು. ಅವುಗಳಲ್ಲಿ ಕೆಲವು ಒಣಗಿದ ಮೇಲೂ ಒದ್ದೆ ಕುಂಚ ತಗುಲಿದರೆ ಮತ್ತೆ ಕರಗುತ್ತವೆ, ಅದನ್ನೊಂದು ನೋಡಿಕೊಳ್ಳಿ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ವರ್ಣದ್ರವ್ಯದ ವಿಷಯ. ಚಿತ್ರಕಾರರ ಟ್ಯೂಬುಗಳ ಮೇಲೆ ಸಣ್ಣ ಅಕ್ಷರದಲ್ಲಿ ಪಿಬಿ 29, ಪಿಬಿ 15, ಪಿವೈ 42 ಎಂಬಂಥ ಸಂಕೇತಗಳಿರುತ್ತವೆ. ಪಿಬಿ 29 ಎಂದರೆ ಅಲ್ಟ್ರಾಮರೀನ್ ನೀಲಿ, ಪಿಬಿ 15 ಥ್ಯಾಲೊ ನೀಲಿ, ಪಿವೈ 42 ಹಳದಿ ಕಬ್ಬಿಣದ ಆಕ್ಸೈಡ್, ಪಿಡಬ್ಲ್ಯೂ 6 ಟೈಟೇನಿಯಂ ಬಿಳಿ. ಕಿರುಬೊಂಬೆಯ ಬಣ್ಣ ಮಾಡುವವರಲ್ಲಿ ಹೆಚ್ಚಿನವರು ಇದನ್ನು ಹೇಳುವುದಿಲ್ಲ. ಹೇಳದಿದ್ದರೂ ನಾವೇ ಪತ್ತೆ ಹಚ್ಚಬಹುದು. ಸಂಶಯದ ನೀಲಿಯ ಒಂದು ಹನಿಗೆ ಮೂರು ಹನಿ ಬಿಳಿ ಬೆರೆಸಿ. ಚೂರು ನೇರಳೆಯ ಕಡೆ ವಾಲಿದರೆ ಅದರೊಳಗೆ ಅಲ್ಟ್ರಾಮರೀನ್ ಇರುವ ಸಂಭವ ಹೆಚ್ಚು. ಮಧ್ಯಾಹ್ನದ ಆಕಾಶದಂತಾದರೆ ಥ್ಯಾಲೊ. ಹಳದಿ ಬೆರೆಸಿದರೆ ಇನ್ನೂ ಸ್ಪಷ್ಟ: ಅಲ್ಟ್ರಾಮರೀನ್ ಮಂಕಾದ ಪಾಚಿ ಹಸಿರಾಗುತ್ತದೆ, ಥ್ಯಾಲೊ ಗಿಳಿಹಸಿರಾಗಿ ಚಿಮ್ಮುತ್ತದೆ. ಶೀಶೆಯಲ್ಲಿ ಅವಳಿಗಳಂತಿದ್ದ ಎರಡು ನೀಲಿಗಳು ಬಿಳಿ ಸೇರಿದ ಕ್ಷಣಕ್ಕೆ ದಾಯಾದಿಗಳಾಗುತ್ತವೆ. ಹಾಗಾಗಿ ಬದಲಿ ಬಣ್ಣವನ್ನು ಶೀಶೆಯಿಂದ ನೇರ ಬಳಸುತ್ತೀರೋ ಬೆರೆಸಿ ಬಳಸುತ್ತೀರೋ ಎಂದು ಮೊದಲೇ ಕೇಳಿಕೊಳ್ಳಬೇಕು. ನೇರ ಬಳಸುವುದಾದರೆ ಮೇಲ್ನೋಟದ ಹೋಲಿಕೆ ಸಾಕು. ಬೆರೆಸುವುದಾದರೆ ಬೆರೆಸಿಯೇ ಹೋಲಿಸಬೇಕು.

ಬೆರೆಯದೇ ಇರುವ ಬಣ್ಣಗಳೂ ಇವೆ. ತಮಿಯಾದ ಅಕ್ರಿಲಿಕ್‌ಗಳಲ್ಲಿ ಆಲ್ಕೋಹಾಲಿನ ಅಂಶವಿದೆ; ಅವುಗಳನ್ನು ವಯೆಹೊದ ಜೊತೆ ತಟ್ಟೆಯಲ್ಲಿ ಕಲಸಿದರೆ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ. ಹಂಬ್ರಾಲ್‌ನ ಎನಾಮಲ್ ಡಬ್ಬಿಗಳಿಗೆ ನೀರೇ ಆಗದು, ವೈಟ್ ಸ್ಪಿರಿಟ್ ಬೇಕು. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದನ್ನು ಹಚ್ಚಲು ಅಡ್ಡಿಯಿಲ್ಲ, ತಟ್ಟೆಯಲ್ಲಿ ಮದುವೆ ಮಾಡಿಸಬಾರದು. ಲೋಹದ ಬಣ್ಣಗಳ ವಿಷಯದಲ್ಲಿ ಒಂದೇ ಮಾತು: ಅಲ್ಲಿ ಬಣ್ಣಕ್ಕಿಂತ ಹೊಳೆವ ಕಣಗಳ ಗಾತ್ರ ಮುಖ್ಯ. ಪರದೆಯ ಮೇಲಿನ ಬೂದು ಚೌಕ ನೋಡಿ ಬೆಳ್ಳಿ ಕೊಳ್ಳಬೇಡಿ.

ಸೇನಾ ವಾಹನ, ವಿಮಾನಗಳ ಮಾದರಿ ಮಾಡುವವರು ಈ ಗೋಳನ್ನೆಲ್ಲ ಕೇಳಿ ನಗುತ್ತಾರೆ. ಅವರಿಗೆ ಕಂಪನಿಗಳ ಹೊರಗೆ ಒಂದು ಸಾಕ್ಷಿ ಇದೆ. ಜರ್ಮನಿಯ ಆರ್‌ಎಎಲ್ 1927ರಲ್ಲಿ 40 ಬಣ್ಣಗಳೊಂದಿಗೆ ಹೊರಬಂದ ಮಾನದಂಡ. ಜರ್ಮನ್ ಟ್ಯಾಂಕುಗಳ ಗಾಢ ಬೂದು ಆರ್‌ಎಎಲ್ 7021, 1943ರ ಫೆಬ್ರುವರಿಯಲ್ಲಿ ಅದರ ಜಾಗಕ್ಕೆ ಬಂದ ಮಣ್ಣಿನ ಹಳದಿ ಆರ್‌ಎಎಲ್ 7028. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ 595, 1956ರದ್ದು. ಅದರ ಐದಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿಯೇ ಹೊಳಪನ್ನು ಹೇಳುತ್ತದೆ: 1 ಹೊಳಪು, 2 ಅರೆಹೊಳಪು, 3 ಮಂಕು. 36375 ಎಂಬ ಬೂದು ಮಂಕಾದದ್ದು ಎಂದು ಸಂಖ್ಯೆ ನೋಡಿಯೇ ಹೇಳಬಹುದು. ಯಾವ ಕಂಪನಿಯ ಶೀಶೆಯಾದರೂ ಆ ಸಂಖ್ಯೆ ಹೊತ್ತಿದ್ದರೆ ಗುರಿ ಒಂದೇ. ಹಾಗಿದ್ದೂ ಎರಡು ಕಂಪನಿಗಳ 7028ನ್ನು ಪಕ್ಕದಲ್ಲಿಟ್ಟರೆ ಅವರೂ ನಗು ನಿಲ್ಲಿಸುತ್ತಾರೆ, ಅದು ಬೇರೆ ಮಾತು. ಕಲ್ಪನಾಲೋಕದ ನಮ್ಮ ರಾಕ್ಷಸರಿಗೂ ಅಸ್ಥಿಪಂಜರಗಳಿಗೂ ಅಂಥ ಸಾಕ್ಷಿಯಿಲ್ಲ. ಇಲ್ಲಿ ಶೀಶೆಯೇ ಮಾನದಂಡ. ಶೀಶೆಯ ಉತ್ಪಾದನೆ ನಿಂತರೆ ಮಾನದಂಡವೂ ಹೋಯಿತು.

ಆದರೆ ಅದರಲ್ಲೇ ಒಂದು ಬಿಡುಗಡೆಯೂ ಇದೆ. ಎಲುಬು ಇಂಥದೇ ಬಣ್ಣವಾಗಿರಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ. ಮೇಲೆ ಹೇಳಿದ ಮಂತ್ರದ ನಾಲ್ಕು ಹೆಜ್ಜೆಗಳಲ್ಲಿ ಕಣ್ಣು ಹಿಡಿಯುವುದು ಹೆಜ್ಜೆಗಳ ನಡುವಿನ ಅಂತರವನ್ನು. ಗಾಢ, ನೆರಳು, ತಿಳಿ, ಇನ್ನೂ ತಿಳಿ ಎಂಬ ಮೆಟ್ಟಿಲುಗಳು ಸರಿಯಾಗಿದ್ದರೆ ಒಂದು ಮೆಟ್ಟಿಲಿನ ಬಣ್ಣ ಕೊಂಚ ಹಳದಿಯೋ ಬೂದಿಯೋ ಆದರೆ ಕೈಯಳತೆಯ ದೂರದಿಂದ ಯಾರೂ ಗಮನಿಸುವುದಿಲ್ಲ. ಮೆಟ್ಟಿಲೇ ತಪ್ಪಿದರೆ, ಅಂದರೆ ಮೂರನೆಯ ಬದಲಿ ನಾಲ್ಕನೆಯದರಷ್ಟೇ ತಿಳಿಯಾಗಿದ್ದರೆ, ಬಣ್ಣ ಎಷ್ಟೇ ಹೊಂದಿದರೂ ಬೊಂಬೆ ಚಪ್ಪಟೆಯಾಗುತ್ತದೆ. ಇದನ್ನು ನೋಡಲು ಉಪಕರಣ ಬೇಡ. ಬಣ್ಣದ ಮಾದರಿಗಳನ್ನು ಸಾಲಾಗಿ ಹಚ್ಚಿ ಮೊಬೈಲಿನಲ್ಲಿ ಚಿತ್ರ ತೆಗೆದು ಕಪ್ಪು-ಬಿಳುಪು ಮಾಡಿ. ಬೂದು ಮೆಟ್ಟಿಲುಗಳು ಮೂಲದಂತೆಯೇ ಏರುತ್ತಿದ್ದರೆ ಬದಲಿ ಸರಿಯಾಗಿದೆ. ಲ್ಯಾಬ್ ಲೆಕ್ಕಕ್ಕೆ ಮರಳಿದರೆ, ಡೆಲ್ಟಾ ಇ 3 ಎಂಬ ಎರಡು ಬದಲಿಗಳಲ್ಲಿ ಒಂದರ ವ್ಯತ್ಯಾಸವೆಲ್ಲ ಹಳದಿಯಲ್ಲಿದ್ದು ಇನ್ನೊಂದರದ್ದು ತಿಳಿ-ಗಾಢದಲ್ಲಿದ್ದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ರೀಪರ್ ಬಹಳ ಹಿಂದಿನಿಂದ ಬಣ್ಣಗಳನ್ನು ನೆರಳು, ನಡು, ಬೆಳಕು ಎಂದು ಮೂರರ ಗುಂಪಿನಲ್ಲಿ ಮಾರುತ್ತಿರುವುದು ಈ ಕಾರಣಕ್ಕೆ. ಒಂದು ಶೀಶೆಗೆ ಬದಲಿ ಹುಡುಕಿ ಹೈರಾಣಾಗುವುದಕ್ಕಿಂತ ಒಂದೇ ಕಂಪನಿಯ ಮೂರನ್ನು ಒಟ್ಟಿಗೆ ಬದಲಿಸುವುದು ಎಷ್ಟೋ ಸಲ ಸುಲಭ.

ಬೆಂಗಳೂರಿನಲ್ಲಿ ಕುಳಿತವರಿಗೆ ಈ ಹುಡುಕಾಟ ಹೆಚ್ಚು ಒದಗುತ್ತದೆ. ಬಣ್ಣವೆಲ್ಲ ಆಮದು, ದಾಸ್ತಾನು ಬಂದಾಗ ಉಂಟು, ಇಲ್ಲದಾಗ ಇಲ್ಲ. ಹಾಗೆಂದು ಕ್ಯಾಮೆಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್‌ಗಳನ್ನು ತಂದು ಬಳಸಬಾರದೇ ಎಂದು ಹಲವರು ಕೇಳುತ್ತಾರೆ. ಧಾರಾಳವಾಗಿ ಬಳಸಬಹುದು, ಕಲ್ಲು, ಮಣ್ಣು, ಬೊಂಬೆ ನಿಲ್ಲುವ ತಳ, ಆಟದ ಮೇಜಿನ ಮನೆಗಳಿಗೆ ನಾನು ಅವನ್ನೇ ಹಚ್ಚುತ್ತೇನೆ. ಬಟ್ಟೆಗೂ ಕ್ಯಾನ್ವಾಸಿಗೂ ಮಾಡಿದ ಬಣ್ಣವದು, ದಪ್ಪ. ಮುಖದ ಮೇಲೆ ಹಚ್ಚುವಷ್ಟು ತೆಳುಗೊಳಿಸಿದಾಗ ಮುಚ್ಚುವ ಶಕ್ತಿ ಸೋರಿಹೋಗುತ್ತದೆ. ನೀರಿನ ಬದಲು ಅಕ್ರಿಲಿಕ್ ಮೀಡಿಯಂ ಎಂಬ ಬಣ್ಣವಿಲ್ಲದ ಅಂಟುದ್ರವ ಬೆರೆಸಿದರೆ ಸ್ವಲ್ಪ ಮಾತು ಕೇಳುತ್ತದೆ.

ಬದಲಿ ಸಿಗಲೇ ಇಲ್ಲವೆಂದರೆ ಬೆರೆಸುವುದೇ ದಾರಿ, ಎಲುಬಿನ ಬಣ್ಣವಂತೂ ಬೆರೆಸಲು ಬಲು ಸುಲಭ. ಬಿಳಿ ಹತ್ತು ಹನಿ, ಕಾವಿ ಹಳದಿ ಎರಡು ಹನಿ, ಗಾಢ ಕಂದು ಕುಂಚದ ತುದಿಯಷ್ಟು. ಹಳದಿ ಕಬ್ಬಿಣದ ಆಕ್ಸೈಡಿನ ಕಾವಿಯೇ ಆಗಬೇಕು. ನಿಂಬೆ ಹಳದಿ ಹಾಕಿ, ಗಾಢವಾಗಲೆಂದು ಕಪ್ಪು ಸೇರಿಸಿದರೆ ಎಲುಬು ಹಸಿರಾಗುತ್ತದೆ. ಹಳದಿಗೆ ಕಪ್ಪು ಸೇರಿದರೆ ಹಸಿರು ಎಂಬುದನ್ನು ನಾನು ಕಲಿತದ್ದು ಹೀಗೆ ಒಂದು ಸಂಜೆ ಹಾಳು ಮಾಡಿಕೊಂಡು. ಕಂದನ್ನು ಕೊನೆಗೆ, ಚೂರುಚೂರೇ ಹಾಕಬೇಕು. ಗಾಢ ಬಣ್ಣ ತಿಳಿಬಣ್ಣವನ್ನು ಬೇಗ ಕೆಡಿಸುತ್ತದೆ, ತಿಳಿಬಣ್ಣದಿಂದ ಗಾಢವನ್ನು ಸರಿಪಡಿಸಲು ಅರ್ಧ ಶೀಶೆ ಬೇಕಾಗುತ್ತದೆ. ಪ್ರತಿ ಸಲ ಬೆರೆಸಿದಾಗಲೂ ಒಂದು ಚುಕ್ಕೆಯನ್ನು ಹಳೆಯ ಬಣ್ಣದ ಪಕ್ಕ ಇಟ್ಟು ಒಣಗಲು ಬಿಡಬೇಕು. ಅವಸರವಾದರೆ ಕೂದಲು ಒಣಗಿಸುವ ಯಂತ್ರ ಇದೆಯಲ್ಲ.

ಅಂದಹಾಗೆ, ಏಳನೆಯ ಬೊಂಬೆಯಲ್ಲಿ ಬಣ್ಣ ಮುಗಿಯುವ ಮೊದಲೇ, ಮೂರನೆಯದರಲ್ಲಿ ಶೀಶೆಯ ತಳ ಕಂಡಾಗಲೇ, ಉಳಿದದ್ದಕ್ಕೆ ಬದಲಿಯನ್ನು ಬೆರೆಸಿ ಮುಂದುವರಿಸಿದ್ದರೆ ಬಣ್ಣ ಜರುಗಿದ್ದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಹಾಗೆ ಮಾಡಿರಲಿಲ್ಲ. ಕೊನೆಗೆ ಹತ್ತಕ್ಕೂ ತೆಳ್ಳಗಿನ ಕಂದು ವಾಶ್ ಒಂದು ಪದರ ಹಾಕಿದೆ; ಒಂದೇ ಮಬ್ಬು ಎಲ್ಲವನ್ನೂ ಹೊದ್ದಿತು, ಅಂತರ ಅರ್ಧಕ್ಕಿಳಿಯಿತು. ಉಳಿದ ಅರ್ಧಕ್ಕೆ ಮೇಲೆ ಹೇಳಿದ ಬೆರಕೆಯನ್ನೇ ಹತ್ತರ ಉಬ್ಬುಗಳಿಗೂ ಹಚ್ಚಿದೆ, ಹಳೆಯ ಏಳನ್ನೂ ಬಿಡದೆ. ಈಗ ಕಿಟಕಿಯ ಬಳಿ ಇಟ್ಟರೂ ಯಾವ ಮೂರು ಎಂದು ಹೇಳಲು ಬುಡದಲ್ಲಿ ಗುರುತು ಹಾಕಿದ್ದನ್ನು ತಿರುಗಿಸಿ ನೋಡಬೇಕು. ಬೆರಕೆ ಉಳಿದದ್ದನ್ನು ಖಾಲಿ ಡ್ರಾಪರ್ ಶೀಶೆಗೆ ತುಂಬಿ, ಹನಿಗಳ ಲೆಕ್ಕವನ್ನು ಕಾಗದದ ಚೀಟಿಯಲ್ಲಿ ಬರೆದು ಮೈಗೆ ಅಂಟಿಸಿದ್ದೇನೆ. ಮುಚ್ಚಳದ ಮೇಲೆ 'ಎಲುಬು 2'. ಕಳೆದ ವಾರ ಗೆಳೆಯನೊಬ್ಬ ಬೊಂಬೆಗಳನ್ನು ನೋಡಿ, ಈ ಬಣ್ಣ ಯಾವ ಕಂಪನಿಯದು, ತನ್ನ ಬಳಿ ಅದು ಇಲ್ಲದಿದ್ದರೆ ಬದಲಿಗೆ ಏನು ಹಾಕಬಹುದು ಎಂದು ಕೇಳಿದ.